ಕಲಬುರಗಿ ತೊಗರಿಬೇಳೆ: ಹೊಳಪಿಗೆ ರೊಕ್ಕ ಕೊಡಬೇಡಿ

ಕಲಬುರಗಿ ನೆಹರೂ ಗಂಜಿನಲ್ಲಿ ತೊಗರಿಬೇಳೆ ಕೊಳ್ಳಲು ಹೋದರೆ ಸಾಮಾನ್ಯವಾಗಿ ಎರಡು ಬಗೆ ಕಣ್ಣಿಗೆ ಬೀಳುತ್ತವೆ: ಫಳಫಳ ಹೊಳೆಯುವ ಹಳದಿ ಬೇಳೆ, ಮತ್ತು ಅಲ್ಲೊಂದು ಇಲ್ಲೊಂದು ಕೆಂಪು ಸಿಪ್ಪೆ ಉಳಿದಿರುವ ಮಾಸಲು ಬೇಳೆ. ಕಣ್ಣುಮುಚ್ಚಿ ಎರಡನೆಯದನ್ನೇ ತಗೊಳ್ಳಿ.

ತೊಗರಿಯ ಸಿಪ್ಪೆ ಬೇಳೆಗೆ ಗೋಂದು ಹಚ್ಚಿದಷ್ಟು ಬಿಗಿಯಾಗಿ ಅಂಟಿರುತ್ತದೆ. ಅದಕ್ಕೇ ದಾಲ್ ಮಿಲ್ಲಿನಲ್ಲಿ ಕಾಳಿನ ಮೈ ಗೀರಿ, ಸ್ವಲ್ಪ ಎಣ್ಣೆ ಸವರಿ, ಬಿಸಿಲಿಗೆ ಹರವಿ, ನೀರು ಚಿಮುಕಿಸಿ, ಸಿಪ್ಪೆ ಸಡಿಲಾದ ಮೇಲೆ ಒಡೆಯುತ್ತಾರೆ. ಇಷ್ಟು ಬೇಕೇ ಬೇಕು. ಇದರ ಮೇಲೆ ಮಾಡುವ ಪಾಲಿಶ್ ಬರೀ ನೋಟಕ್ಕೆ. ಅದರಿಂದ ರುಚಿಯೂ ಹೆಚ್ಚುವುದಿಲ್ಲ, ಬೇಗ ಬೇಯುವುದೂ ಇಲ್ಲ.

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಇಲ್ಲಿನ ಎರೆಭೂಮಿಯ ಬೇಳೆ ಬೇಗ ಮೆತ್ತಗಾಗುತ್ತದೆ, ಬೆಂದಾಗ ಬರುವ ಘಮವೇ ಬೇರೆ. ಆದರೆ ಪೊಟ್ಟಣದ ಮೇಲೆ ಜಿಐ ಗುರುತಿದ್ದ ಮಾತ್ರಕ್ಕೆ ಬೇಳೆ ಹೊಸದು ಅಂತ ಅರ್ಥವಲ್ಲ. ತೊಗರಿ ರಾಶಿಯಾಗುವುದು ಡಿಸೆಂಬರ್–ಜನವರಿಯಲ್ಲಿ. ಪ್ಯಾಕ್ ಮಾಡಿದ ತಾರೀಖು ಓದಿ. ಬಿಡಿ ಬೇಳೆಯಾದರೆ ಯಾವ ವರ್ಷದ ರಾಶಿ ಅಂತ ನೇರವಾಗಿ ಕೇಳಿ. ಸೆಕೆಯಲ್ಲಿ ಬಹಳ ದಿನ ಇಟ್ಟ ಬೇಳೆಯಲ್ಲಿ ಕ್ಯಾಲ್ಸಿಯಂ, ಕಾಳಿನ ಕೋಶಗಳನ್ನು ಅಂಟಿಸಿಡುವ ಪೆಕ್ಟಿನ್‌ಗೆ ಗಂಟುಬೀಳುತ್ತದೆ. ಆಮೇಲೆ ಎಷ್ಟು ಸೀಟಿ ಹೊಡೆಸಿದರೂ ನಡುವೆ ಗಟ್ಟಿ ಉಳಿದೇ ಉಳಿಯುತ್ತದೆ. ಬೋರಿನ ಗಡಸು ನೀರಿನಿಂದ ಆಗುವ ತೊಂದರೆಯೂ ಇದೇ.

ಕೊಳ್ಳುವಾಗ ಒಂದು ಮುಷ್ಟಿ ಬೇಳೆ ಅಂಗೈಯಲ್ಲಿ ಹರವಿ ನೋಡಿ. ತೊಗರಿಬೇಳೆ ದುಂಡಗಿರುತ್ತದೆ, ಒಂದು ಮಗ್ಗುಲು ಮಾತ್ರ ಚಪ್ಪಟೆ. ಮೂಲೆ ಮೂಲೆಯಾಗಿ, ಒಂದು ಕಡೆ ಓರೆಯಾಗಿ ಕಂಡರೆ ಕೇಸರಿ ಬೇಳೆ (ತೊಗರಿಯಂತೆ ಕಾಣುವ ಬೇರೊಂದು ಕಾಳಿನ ಬೇಳೆ) ಬೆರೆಸಿದ್ದಾರೆಂದು ಅನುಮಾನಪಡಿ. ತಣ್ಣೀರಿಗೆ ಹಾಕಿದ ತಕ್ಷಣ ನೀರು ಗಾಢ ಹಳದಿಗೆ ತಿರುಗಿದರೆ ಬಣ್ಣ ಹಾಕಿದ್ದಾರೆ. ಒಳ್ಳೆ ಬೇಳೆಯ ನೀರು ಬರೀ ಮಬ್ಬಾಗುತ್ತದೆ.

ಬೇಯಿಸುವ ಲೆಕ್ಕ: ಒಂದು ಬಟ್ಟಲು ಬೇಳೆಗೆ ಮೂರು ಬಟ್ಟಲು ನೀರು. ಮೊದಲು ಮೂರು ಸಲ ತೊಳೆದು ಅರ್ಧ ತಾಸು ನೆನೆಹಾಕಿ. ಕಾಲು ಚಮಚ ಅರಿಶಿನ, ಒಂದು ಚಮಚ ಎಣ್ಣೆ ಸೇರಿಸಿ. ಎಣ್ಣೆ ನೊರೆ ಉಕ್ಕದಂತೆ ತಡೆಯುತ್ತದೆ. ನೊರೆ ಸೀಟಿಯ ತೂತಿಗೆ ಏರಿದರೆ ಕುಕ್ಕರಿಗೆ ಅಪಾಯ, ಹಾಗಾಗಿ ಅರ್ಧಕ್ಕಿಂತ ಮೇಲೆ ತುಂಬಲೇಬೇಡಿ. ಹೊಸ ಬೇಳೆಗೆ ಮೂರು ಸೀಟಿ ಸಾಕು. ಬೇಗ ಬೇಯಲಿ ಅಂತ ಅಡುಗೆ ಸೋಡಾ ಹಾಕುವವರಿದ್ದಾರೆ, ದಯವಿಟ್ಟು ಹಾಕಬೇಡಿ: ಬಿ1 ಜೀವಸತ್ವ ಹಾಳಾಗುತ್ತದೆ, ಸಾರಿಗೆ ಸಾಬೂನಿನ ವಾಸನೆ ಬರುತ್ತದೆ.

ಪುಂಡಿಪಲ್ಯ (ಹುಳಿಯಾದ ಪುಂಡಿ ಅಂದರೆ ಗೋಂಗೂರ ಸೊಪ್ಪಿನ ಪಲ್ಯ) ಕೆಡುವುದು ಹೆಚ್ಚಾಗಿ ಹುಳಿಯ ಕಾರಣಕ್ಕೆ. ಹುಳಿ ಬಿದ್ದ ಕೂಡಲೇ ಬೇಳೆ ಬೇಯುವುದು ನಿಧಾನವಾಗುತ್ತದೆ. ಆದ್ದರಿಂದ ಮೊದಲು ಬೇಳೆಯನ್ನೂ ಜೋಳದ ನುಚ್ಚನ್ನೂ ಮುಕ್ಕಾಲು ಪಾಲು ಬೇಯಿಸಿಕೊಳ್ಳಿ. ಪುಂಡಿ ಸೊಪ್ಪನ್ನು ಬೇರೆ ಪಾತ್ರೆಯಲ್ಲಿ ಒಂದು ಕುದಿ ಕುದಿಸಿ, ನೀರು ಬಸಿದು, ಆಮೇಲೆ ಇದಕ್ಕೆ ಕೂಡಿಸಿ. ಬೇಳೆ ಅರ್ಧಂಬರ್ಧ ಒಡೆದು ನುಚ್ಚಿನ ಜೊತೆ ಬೆರೆಯಬೇಕು, ಪೂರ್ತಿ ಗಂಜಿಯಾಗಬಾರದು. ಕೊನೆಗೆ ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ. ಸಾರಿಗೂ ಇದೇ ನಿಯಮ: ಬೇಳೆ ಬೆಂದ ಮೇಲಷ್ಟೇ ಹುಣಸೆರಸ.

ಎಲ್ಲ ಅಡುಗೆಗೂ ಕಲಬುರಗಿ ಬೇಳೆಯೇ ಬೇಕೆಂದಿಲ್ಲ. ಮಸಾಲೆ, ತರಕಾರಿ ತುಂಬಿದ ಸಾಂಬಾರಿನಲ್ಲಿ ಇದರ ರುಚಿ ಗೊತ್ತಾಗುವುದಿಲ್ಲ. ಅದಕ್ಕೆ ಸಾದಾ ಬೇಳೆ ಸಾಕು. ತಿಳಿಸಾರು, ಪುಂಡಿಪಲ್ಯ, ಬರೀ ಬೇಳೆಗೆ ತುಪ್ಪ ಹಾಕಿ ಬಿಸಿ ರೊಟ್ಟಿ ಜೊತೆ ಉಣ್ಣುವುದು ಇವಕ್ಕಾದರೆ ಕೊಟ್ಟ ಹೆಚ್ಚಿನ ಬೆಲೆ ಸಾರ್ಥಕ.

ವರ್ಷಕ್ಕಾಗುವಷ್ಟು ತುಂಬಿಡುವವರು ಬೇಳೆಯನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಹುಳ ಬರದಿರಲು ಔಡಲೆಣ್ಣೆ (ಹರಳೆಣ್ಣೆ) ಸವರಿದ್ದರೆ ಬೇಯಿಸುವ ಮುಂಚೆ ಬೆಚ್ಚನೆ ನೀರಿನಲ್ಲಿ ತಿಕ್ಕಿ ತೊಳೆಯಿರಿ.