ನಿಶಿ-ಕಸಾಯ್, ಕಸಾಯ್, ಫುನಾಬೊರಿ, ಕಸಾಯ್-ರಿಂಕಾಯ್-ಕೋಎನ್: ಟೋಕಿಯೋದ ಪೂರ್ವದಲ್ಲಿ ಯಾವ ಸ್ಟೇಷನ್ ಹಿಡಿಯಬೇಕು?

ಬೆಂಗಳೂರಿನಿಂದ ಟೋಕಿಯೋಗೆ ವರ್ಗವಾದವರಿಗೆಲ್ಲ ಸಿಗುವ ಸಲಹೆ ಒಂದೇ: "ನಿಶಿ-ಕಸಾಯ್‌ನಲ್ಲಿ ಮನೆ ನೋಡಿ, ನಮ್ಮವರು ಅಲ್ಲೇ ಇದ್ದಾರೆ." ಮಾತು ಸುಳ್ಳಲ್ಲ. ಟೋಕಿಯೋದಲ್ಲಿ ಭಾರತೀಯರು ಅತಿ ಹೆಚ್ಚು ಇರುವ ಎದೋಗಾವಾ ವಾರ್ಡಿನ ನಡುಮನೆ ಅದೇ. ಆದರೆ ದಿನಕ್ಕೆರಡು ಸಲ ರೈಲು ಹತ್ತುವವರು ಬೇಳೆ ಅಂಗಡಿ ಎಷ್ಟು ಹತ್ತಿರ ಅಂತ ನೋಡಿ ಸ್ಟೇಷನ್ ಆರಿಸಿದರೆ ಆರು ತಿಂಗಳಲ್ಲಿ ಬೇಸರ ಬರುತ್ತದೆ. ಆಫೀಸು ಯಾವ ಲೈನಿನ ಮೇಲಿದೆ ಅನ್ನುವುದು ಮೊದಲ ಪ್ರಶ್ನೆ, ಅಂಗಡಿ ಆಮೇಲಿನದು. ಒಂದೇ ವಾರ್ಡಿನ ಈ ನಾಲ್ಕು ಸ್ಟೇಷನ್‌ಗಳನ್ನೂ ಬೆಳಗಿನ ಗರ್ದಿಯಲ್ಲಿ ಬಳಸಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಮೂರು ಲೈನುಗಳ ಹುಟ್ಟು

ನಿಶಿ-ಕಸಾಯ್, ಕಸಾಯ್ ಎರಡೂ ಇರುವ ಟೋಕಿಯೋ ಮೆಟ್ರೋದ ತೋಜಾಯ್ ಲೈನು ನಕಾನೊದಿಂದ ನಿಶಿ-ಫುನಾಬಾಶಿವರೆಗೆ 30.8 ಕಿಲೋಮೀಟರ್. ಹೆಸರಿಗೆ ಸಬ್‌ವೇ ಆದರೂ ಮಿನಾಮಿ-ಸುನಾಮಾಚಿ ದಾಟಿದ ಮೇಲೆ ಪೂರ್ವದ ಭಾಗವೆಲ್ಲ ಕಂಬದ ಮೇಲೆ ಓಡುತ್ತದೆ. ಈ ಭಾಗ ತೆರೆದದ್ದು 1969ರ ಮಾರ್ಚ್ 29ರಂದು, ಕಸಾಯ್ ಸ್ಟೇಷನ್ ಕೂಡ ಅದೇ ದಿನದ್ದು. ನಿಶಿ-ಕಸಾಯ್ ಅದಕ್ಕೆ ಹತ್ತು ವರ್ಷ ಕಿರಿಯದು. ಓಡುತ್ತಿದ್ದ ಲೈನಿನ ನಡುವೆ ಅದನ್ನು 1979ರ ಅಕ್ಟೋಬರ್ 1ರಂದು ಸೇರಿಸಿದರು. ಕಡಲು ತುಂಬಿಸಿ ಮಾಡಿದ ನೆಲದಲ್ಲಿ ಸೇಶಿನ್-ಚೋ ವಸತಿ ಸಂಕೀರ್ಣಗಳು ಎದ್ದದ್ದು ಅದರ ನಂತರ. 2000ನೇ ಇಸವಿಯ ಕಂಪ್ಯೂಟರ್ ದೋಷ ಸರಿಪಡಿಸಲು ಬಂದ ಭಾರತೀಯ ಎಂಜಿನಿಯರುಗಳು ಇಲ್ಲೇ ನೆಲೆ ನಿಂತಿದ್ದಕ್ಕೆ ಎರಡು ಕಾರಣ. ಓತೆಮಾಚಿ, ನಿಹೊಂಬಾಶಿ, ಕಯಾಬಾಚೋ ಕಡೆಯ ಬ್ಯಾಂಕುಗಳಿಗೆ ಬದಲಿಸದೆ ಹೋಗುವ ರೈಲಿತ್ತು. ಜಾಮೀನುದಾರನನ್ನೂ, ಮನೆ ಮಾಲೀಕರಿಗೆ ಕೊಡುವ 'ರೇಕಿನ್' ಎಂಬ ವಾಪಸು ಬರದ ಹಣವನ್ನೂ ಕೇಳದ, ಸರ್ಕಾರಿ ವಸತಿ ಸಂಸ್ಥೆಯ ಯುಆರ್ ಬಾಡಿಗೆ ಫ್ಲಾಟುಗಳೂ ಇದ್ದವು.

ಫುನಾಬೊರಿ ಇರುವುದು ಟೋಕಿಯೋ ಸರ್ಕಾರವೇ ನಡೆಸುವ ತೋಎಯ್ ಶಿಂಜುಕು ಲೈನಿನಲ್ಲಿ. 1983ರ ಡಿಸೆಂಬರ್ 23ರಂದು ಲೈನು ಇಲ್ಲಿಗೆ ಬಂತು, 1989ರಲ್ಲಿ ಮೊತೊಯಾವಾತಾ ಮುಟ್ಟಿತು. ಕಸಾಯ್-ರಿಂಕಾಯ್-ಕೋಎನ್ ಜೆಆರ್ (ಜಪಾನ್ ರೈಲ್ವೇಸ್) ಕಂಪನಿಯ ಕೇಯೋ ಲೈನಿನದು, 1988ರ ಡಿಸೆಂಬರ್ 1ರಂದು ತೆರೆಯಿತು. 1990ರ ಮಾರ್ಚ್‌ನಲ್ಲಿ ಕೇಯೋ ಲೈನು ಟೋಕಿಯೋ ಸ್ಟೇಷನ್ ತಲುಪುವವರೆಗೆ ಎಲ್ಲರೂ ಶಿನ್-ಕಿಬಾದಲ್ಲಿ ಇಳಿದು ಬದಲಿಸಬೇಕಿತ್ತು.

ನಿಶಿ-ಕಸಾಯ್, ಕಸಾಯ್: ಅಕ್ಕಪಕ್ಕ, ಆದರೆ ಒಂದೇ ಅಲ್ಲ

ಎರಡರ ನಡುವೆ 1.2 ಕಿಲೋಮೀಟರ್. ಓತೆಮಾಚಿಗೆ ಎರಡರಿಂದಲೂ ಟಿಕೆಟ್ 210 ಯೆನ್, ಸಮಯ ಕಾಲು ಗಂಟೆಯ ಆಸುಪಾಸು. ಎರಡಕ್ಕೂ ಒಂದೇ ಶಾಪ: ರ್ಯಾಪಿಡ್ ನಿಲ್ಲುವುದಿಲ್ಲ. ತೋಯೋಚೋ ಬಿಟ್ಟ ರ್ಯಾಪಿಡ್ ಮತ್ತೆ ಬಾಗಿಲು ತೆಗೆಯುವುದು ಉರಯಾಸುವಿನಲ್ಲಿ, ಅಂದರೆ ಚಿಬಾ ಪ್ರಾಂತ್ಯದೊಳಗೆ. ಹೊಸಬರು ಸಂಜೆ ಎಡವುವುದು ಇಲ್ಲೇ. ಓತೆಮಾಚಿಯಲ್ಲಿ ಮೊದಲು ಬಂದ ರೈಲಿಗೆ ನುಗ್ಗಿ, ಅರಾಕಾವಾ ನದಿ ದಾಟಿದ ಮೇಲೆ ತಮ್ಮ ಸ್ಟೇಷನ್ ಕಿಟಕಿಯಾಚೆ ಹಿಂದೆ ಸರಿಯುವುದನ್ನು ನೋಡುತ್ತ ನಿಲ್ಲುತ್ತಾರೆ. ಹಾಗಾದರೆ ಉರಯಾಸುವಿನಲ್ಲಿ ಗೇಟು ದಾಟಬೇಡಿ. ಸಿಬ್ಬಂದಿಗೆ ತಿಳಿಸಿ, ಎದುರಿನ ಪ್ಲಾಟ್‌ಫಾರ್ಮಿನಿಂದ ಲೋಕಲ್ ಹಿಡಿದು ವಾಪಸು ಬನ್ನಿ. ಬೋರ್ಡಿನಲ್ಲಿ ನಾಲ್ಕು ಅಕ್ಷರದ 'ಕಾಕುಎಕಿ-ತೇಶಾ' ಕಂಡರೆ ಮಾತ್ರ ಹತ್ತಿ. ಎರಡಕ್ಷರದ 'ಕೈಸೊಕು' ನಿಮ್ಮದಲ್ಲ.

ಹಗಲಿನ ಲೋಕಲ್ ಕಸಾಯ್‌ನಲ್ಲಿ ಕೆಲವು ನಿಮಿಷ ನಿಂತೇ ಇದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಅಲ್ಲಿ ನಡುವೆ ಎರಡು ಪ್ರತ್ಯೇಕ ಹಳಿಗಳಿದ್ದು, ರ್ಯಾಪಿಡ್ ಅದರ ಮೇಲೆ ಮುಂದೆ ಹೋಗುತ್ತದೆ. ಪಟ್ಟಣದ ಕಡೆಗೆ ಹೊರಟವರಿಗೆ ಈ ಕಾಯುವಿಕೆ ಕಸಾಯ್‌ನಲ್ಲೇ ಮುಗಿದಿರುವುದರಿಂದ ನಿಶಿ-ಕಸಾಯ್‌ನವರಿಗೆ ಅದು ತಟ್ಟುವುದಿಲ್ಲ. ಕಸಾಯ್‌ನವರಿಗೆ ಒಂದು ಲಾಭವಿದೆ: ನಿಂತ ರೈಲಿಗೆ ಆರಾಮವಾಗಿ ಹತ್ತಬಹುದು.

ಗರ್ದಿಯ ವಿಷಯದಲ್ಲಿ ಸಕ್ಕರೆ ಸವರಿ ಹೇಳುವುದೇನೂ ಇಲ್ಲ. ಕಿಬಾ ಮತ್ತು ಮೊನ್ಜೆನ್-ನಕಾಚೋ ನಡುವೆ ಬೆಳಗಿನ ಒತ್ತು 2018ರಲ್ಲಿ ಸಾಮರ್ಥ್ಯದ ಶೇ. 199 ಇತ್ತು, ಇಡೀ ದೇಶದ ಅತಿ ಕೆಟ್ಟ ಭಾಗಗಳಲ್ಲಿ ಒಂದು. ಕೋವಿಡ್ ನಂತರ ಇಳಿದಿದೆ, ಆದರೂ ಭುಜಕ್ಕೆ ಭುಜ ತಾಗುತ್ತದೆ. ಹತ್ತಿ ಇಳಿಯುವುದು ಬೇಗ ಮುಗಿಯಲಿ ಅಂತಲೇ ಇಲ್ಲಿನ 15000 ಸರಣಿಯ ಬೋಗಿಗಳ ಬಾಗಿಲು 1.8 ಮೀಟರ್ ಅಗಲ. ಮಾಮೂಲು ಬೋಗಿಗಳದ್ದು 1.3 ಮೀಟರ್. ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳುವುದು ಮರ್ಯಾದೆಯ ಮಾತಷ್ಟೇ ಅಲ್ಲ, ಇಲ್ಲದಿದ್ದರೆ ಬಾಗಿಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಬಾಗಿಲು ಮತ್ತೆ ತೆರೆದರೂ ಹಿಂದಿನ ರೈಲುಗಳೆಲ್ಲ ಸಾಲಾಗಿ ತಡ. ಹಾಗಾದ ದಿನ ಗೇಟಿನ ಬಳಿ ವಿಳಂಬದ ಚೀಟಿ ಕೊಡುತ್ತಾರೆ, ಮೆಟ್ರೋದ ಜಾಲತಾಣದಲ್ಲೂ ಸಿಗುತ್ತದೆ. ಆಫೀಸಿನವರು ಅದನ್ನು ಒಪ್ಪುತ್ತಾರೆ.

ನಿಶಿ-ಕಸಾಯ್ ಮತ್ತು ಮಿನಾಮಿ-ಸುನಾಮಾಚಿ ನಡುವಿನ ಅರಾಕಾವಾ-ನಕಾಗಾವಾ ಸೇತುವೆ 1,236 ಮೀಟರ್ ಉದ್ದ. 1978ರ ಫೆಬ್ರವರಿ 28ರಂದು ಸುಂಟರಗಾಳಿ ಈ ಸೇತುವೆಯ ಮೇಲೆ ಬೋಗಿಗಳನ್ನು ಉರುಳಿಸಿತ್ತು. ಗಾಳಿ ಜೋರಾದ ದಿನ ಇಲ್ಲಿ ವೇಗ ಇಳಿಯುತ್ತದೆ, ತೀರಾ ಹೆಚ್ಚಾದರೆ ರೈಲು ನಿಲ್ಲುತ್ತದೆ. ಚಂಡಮಾರುತದ ಕಾಲಕ್ಕೆ ಬದಲಿ ದಾರಿ ಮೊದಲೇ ಗೊತ್ತಿರಬೇಕು.

ಕಸಾಯ್‌ನ ಹೆಚ್ಚುಗಾರಿಕೆ ಅದರ ಅಡಿಯಲ್ಲಿದೆ. ವಾರ್ಡಿನವರು 2008ರಲ್ಲಿ ತೆರೆದ ನೆಲದಡಿಯ ಸೈಕಲ್ ನಿಲ್ದಾಣದಲ್ಲಿ ಒಟ್ಟು 9,400 ಸೈಕಲ್ ಹಿಡಿಯುತ್ತವೆ. ಅದರಲ್ಲಿ 6,480 ಯಂತ್ರದ ಪಾಲು: 36 ಗೋಪುರ, ಒಂದೊಂದರಲ್ಲಿ 180. ಟ್ಯಾಗ್ ಅಂಟಿಸಿದ ಸೈಕಲಿನ ಮುಂದಿನ ಚಕ್ರವನ್ನು ಗಾಡಿಯಲ್ಲಿ ಇಟ್ಟು ಗುಂಡಿ ಒತ್ತಿದರೆ ಬಾಗಿಲು ತೆರೆದು ಯಂತ್ರ ಸೈಕಲನ್ನು ಒಳಗೆಳೆದುಕೊಳ್ಳುತ್ತದೆ. ಸಂಜೆ ಕಾರ್ಡು ತೋರಿಸಿದರೆ ವಾಪಸು ಬರುತ್ತದೆ. ಮಗುವಿನ ಸೀಟು ಕಟ್ಟಿದ ದೊಡ್ಡ ಸೈಕಲ್ ಇದಕ್ಕೆ ಹಿಡಿಸದಿದ್ದರೆ ಮಾಮೂಲು ವಿಭಾಗಕ್ಕೆ ಹೋಗಬೇಕು. ಮನೆ ಸ್ಟೇಷನ್‌ನಿಂದ ಇಪ್ಪತ್ತು ನಿಮಿಷದ ನಡಿಗೆಯಾಚೆ ಇದ್ದರೆ ಈ ಒಂದೇ ಕಾರಣಕ್ಕೆ ನನ್ನ ಮತ ಕಸಾಯ್‌ಗೆ. ಮೇಲುಸೇತುವೆಯ ಕೆಳಗೆ 1986ರಲ್ಲಿ ತೆರೆದ ಸಬ್‌ವೇ ಮ್ಯೂಸಿಯಂ ಇದೆ, 1927ರ ಹಳದಿ 1001 ಬೋಗಿ ಅಲ್ಲೇ ನಿಂತಿದೆ. ಮಕ್ಕಳಿದ್ದರೆ ಮಳೆಯ ಭಾನುವಾರ ಕಳೆದುಹೋಗುತ್ತದೆ. ಸೋಮವಾರ ರಜೆ.

ಫುನಾಬೊರಿ: ಎಕ್ಸ್‌ಪ್ರೆಸ್ ನಿಲ್ಲುವ ಸ್ಟೇಷನ್

ನಾಲ್ಕರಲ್ಲಿ ವೇಗದ ರೈಲು ನಿಲ್ಲುವುದು ಇಲ್ಲಿ ಮಾತ್ರ. ಎಕ್ಸ್‌ಪ್ರೆಸ್ ಹತ್ತಿದರೆ ಓಜಿಮಾ, ಮೊರಿಶಿತಾ, ಬಾಕುರೊ-ಯೊಕೊಯಾಮಾ, ಜಿಂಬೋಚೋ, ಇಚಿಗಾಯಾ, ಆಮೇಲೆ ಶಿಂಜುಕು. ಎಕ್ಸ್‌ಪ್ರೆಸ್ಸಿಗೆ ಹೆಚ್ಚಿನ ಹಣವಿಲ್ಲ, 330 ಯೆನ್. ನಿಶಿ-ಕಸಾಯ್‌ನಿಂದ ಶಿಂಜುಕುಗೆ ಓತೆಮಾಚಿಯಲ್ಲಿ ಮರುನೊಉಚಿ ಲೈನಿಗೆ ಬದಲಿಸಿ ಹೋದರೆ 260. ಎಪ್ಪತ್ತು ಯೆನ್ ಉಳಿತಾಯ ನಿಜ, ಆದರೆ ಓತೆಮಾಚಿಯ ಸುರಂಗಗಳಲ್ಲಿ ಬೆಳಗಿನ ಹೊತ್ತು ನಡೆಯಬೇಕು. ಪಾಸಿನ ಹಣ ಕಂಪನಿಯೇ ಕೊಡುವುದಾದರೆ ಫುನಾಬೊರಿಯೇ ಸರಿ. ಆಫೀಸು ಓತೆಮಾಚಿಯಲ್ಲಿದ್ದರೆ ಲೆಕ್ಕ ತಿರುಗಾಮುರುಗಾ: ಫುನಾಬೊರಿಯಿಂದ ಜಿಂಬೋಚೋದಲ್ಲಿ ಮಿತಾ ಲೈನಿಗೆ ಬದಲಿಸಿ 280 ಯೆನ್.

ಈ ಲೈನಿನ ಹಳಿಯ ಅಗಲ 1,372 ಮಿಲಿಮೀಟರ್, ತೋಜಾಯ್‌ನದ್ದು 1,067. ಹಾಗಾಗಿ ಒಂದರ ರೈಲು ಇನ್ನೊಂದರ ಮೇಲೆ ಓಡದು, ಇಳಿದು ಬದಲಿಸಲೇಬೇಕು. ಅದಕ್ಕೆ ಹೇಳಿದ ಜಾಗ ಕುದಾನ್‌ಶಿತಾ. ಮೆಟ್ರೋ ಮತ್ತು ತೋಎಯ್ ಬೇರೆ ಬೇರೆ ಸಂಸ್ಥೆಗಳಾದ್ದರಿಂದ ದರ ಎರಡು ಸಲ ಬೀಳುತ್ತದೆ, ಜೋಡಿಸಿ ಹೋದವರಿಗೆ 70 ಯೆನ್ ರಿಯಾಯಿತಿ.

ಸ್ಟೇಷನ್ ಎದುರಿನ ಟವರ್ ಹಾಲ್‌ನ 115 ಮೀಟರ್ ಗೋಪುರದ ಮೇಲೆ ಹೋಗಲು ದುಡ್ಡು ಬೇಡ. ಇಸ್ಕಾನ್ ದೇವಸ್ಥಾನವೂ ಈ ಕಡೆಯೇ ಇದೆ. ದಿನಸಿಗೆ ಮಾತ್ರ ನಿಶಿ-ಕಸಾಯ್ ಕಡೆ ಇಳಿಯಬೇಕಾಗುತ್ತದೆ, ಅಲ್ಲಿ ರೈಲು ಸಹಾಯಕ್ಕೆ ಬರುವುದಿಲ್ಲ. ಎದೋಗಾವಾದಲ್ಲಿ ಲೈನುಗಳೆಲ್ಲ ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣಕ್ಕೆ ಬಸ್ಸೇ ಗತಿ. ತೋಎಯ್ ಬಸ್ಸಿಗೆ ಎಲ್ಲಿಂದ ಎಲ್ಲಿಗಾದರೂ 210 ಯೆನ್, ಮುಂದಿನ ಬಾಗಿಲಲ್ಲಿ ಹತ್ತುವಾಗಲೇ ಕೊಡಬೇಕು.

ಕಸಾಯ್-ರಿಂಕಾಯ್-ಕೋಎನ್

ಪಾರ್ಕು, ಅಕ್ವೇರಿಯಂ, 117 ಮೀಟರ್ ಎತ್ತರದ ತಿರುಗುವ ತೊಟ್ಟಿಲು: ರಜೆಗೆ ಚೆಂದ, ದಿನಾ ಓಡಾಡಲು ಬೇಡ. ರ್ಯಾಪಿಡ್ ಇಲ್ಲೂ ನಿಲ್ಲದು. ನಕ್ಷೆಯಲ್ಲಿ "ಟೋಕಿಯೋ ಸ್ಟೇಷನ್‌ಗೆ ನೇರ" ಅಂತ ಕಾಣುವುದನ್ನು ನಂಬಿ ಮೋಸ ಹೋಗಬೇಡಿ. ಕೈಬಿಟ್ಟ ನರಿತಾ ಶಿಂಕಾನ್ಸೆನ್‌ಗಾಗಿ ಮೀಸಲಿಟ್ಟ ಜಾಗದಲ್ಲಿ ಕೇಯೋ ಪ್ಲಾಟ್‌ಫಾರ್ಮುಗಳನ್ನು ಕಟ್ಟಿದ್ದರಿಂದ, ಅಲ್ಲಿಂದ ಬೇರೆ ಜೆಆರ್ ಲೈನುಗಳಿಗೆ ಹತ್ತು ನಿಮಿಷಕ್ಕೂ ಹೆಚ್ಚು ನಡಿಗೆ. ಕಡಲ ಗಾಳಿಗೆ ಮೊದಲು ನಿಲ್ಲುವುದೂ ಇದೇ ಲೈನು, ಭಾನುವಾರ ಮಾಯ್‌ಹಾಮಾದ ಡಿಸ್ನಿ ಜನ ಬೇರೆ. ಆಫೀಸು ಹತ್ಚೋಬೊರಿಯಲ್ಲೋ ಶಿನ್-ಕಿಬಾದಲ್ಲೋ ಇದ್ದರೆ ಮಾತ್ರ ಯೋಚಿಸಿ.

ಈ ಕಡೆಯ ಪರವಾಗಿ ಒಂದು ಮಾತು ಇದೆ. ಎದೋಗಾವಾದ ಬಹುಪಾಲು ನೆಲ ಭರತದ ಹೊತ್ತಿನ ಸಮುದ್ರಮಟ್ಟಕ್ಕಿಂತ ಕೆಳಗೆ. 2019ರ ಪ್ರವಾಹ ನಕ್ಷೆಯ ಮುಖಪುಟದಲ್ಲೇ "ಇಲ್ಲಿ ಇರಬಾರದು" ಎಂದು ವಾರ್ಡಿನವರು ಅಚ್ಚು ಹಾಕಿದ್ದರು. ಕಡಲಿಗೆ ಹತ್ತಿರವಾದ ಸೇಶಿನ್-ಚೋ, ರಿಂಕಾಯ್-ಚೋಗಳು ತುಂಬಿದ ನೆಲವಾದ್ದರಿಂದ ಎತ್ತರದಲ್ಲಿವೆ.

ಪಾಸು ಮಾಡಿಸುವಾಗ

ತಿಂಗಳ ಪಾಸಿಗೆ 'ತೇಕಿ' ಅನ್ನುತ್ತಾರೆ. 1, 3, 6 ತಿಂಗಳಿನವು ಸಿಗುತ್ತವೆ. ಯಂತ್ರದಲ್ಲಿ ಇಂಗ್ಲಿಷ್ ಒತ್ತಿ, ಹೊಸ ತೇಕಿ ಆರಿಸಿ, ಹತ್ತುವ ಮತ್ತು ಇಳಿಯುವ ಸ್ಟೇಷನ್ ಕೊಟ್ಟ ಮೇಲೆ ಬರುವ ದಾರಿಯ ಪಟ್ಟಿಯನ್ನು ಗಮನಿಸಿ ಓದಿ. ಅಗ್ಗದ ದಾರಿ ಅಂತ ಕುದಾನ್‌ಶಿತಾ ಬಿಟ್ಟು ಬೇರೆ ಕಡೆಯಿಂದ ಮಾಡಿಸಿಕೊಂಡರೆ, ನಡುವೆ ಇಳಿದಾಗಲೆಲ್ಲ ಕಾರ್ಡಿನ ಬಾಕಿಯಿಂದ ಸದ್ದಿಲ್ಲದೆ ಹಣ ಕಡಿತವಾಗುತ್ತದೆ. ಮೆಟ್ರೋ ಮಾತ್ರದ ತೇಕಿ ಜೆಆರ್ ಕೊಡುವ ಸುಯಿಕಾ ಕಾರ್ಡಿನ ಮೇಲೆ ಕೂರುವುದಿಲ್ಲ, ಮೆಟ್ರೋ ಕೊಡುವ ಪಾಸ್ಮೋ ಕಾರ್ಡು ಬೇಕು. ಕೇಯೋ ಲೈನಿನಿಂದ ನಿಶಿ-ಕಸಾಯ್‌ಗೆ ಮನೆ ಬದಲಿಸಿದವರು ಕೌಂಟರಿನ ಮುಂದೆ ಪೆಚ್ಚಾಗುವುದು ಇದಕ್ಕೇ. ಹೊಸ ಪಾಸನ್ನು ಶುರುವಾಗುವ ದಿನಕ್ಕೆ 14 ದಿನ ಮುಂಚೆಯೇ ಕೊಳ್ಳಬಹುದು. ಆರು ತಿಂಗಳಿನದು ಅಗ್ಗ, ಆದರೆ ಪ್ರಾಜೆಕ್ಟ್ ನಡುವೆ ಮುಗಿಯುವ ಸಂಭವವಿದ್ದರೆ ಮೂರು ತಿಂಗಳಿನದೇ ವಾಸಿ. ವಾಪಸಾತಿಯನ್ನು ಪೂರ್ತಿ ತಿಂಗಳ ಲೆಕ್ಕದಲ್ಲಿ ಹಾಕಿ 220 ಯೆನ್ ಶುಲ್ಕ ಮುರಿದುಕೊಳ್ಳುತ್ತಾರೆ. ಹೊಸ ತಿಂಗಳಿಗೆ ಒಂದು ದಿನ ಕಾಲಿಟ್ಟರೂ ಆ ತಿಂಗಳ ಹಣ ಹೋಯಿತು.