ಬ್ಯಾಂಡ್‌ಲ್ಯಾಬ್ ವಿಮರ್ಶೆ: ಮಡಿಕೇರಿಯಲ್ಲಿ ಕೂತು ಜೊತೆಗಾರರನ್ನು ಹುಡುಕುವವರಿಗೆ

ನಾಪೋಕ್ಲುವಿನಲ್ಲಿ ಗಿಟಾರ್ ಹಿಡಿದವರಿಗೆ ಬಾಸ್ ನುಡಿಸುವವರು ಗೋಣಿಕೊಪ್ಪಲಿನಲ್ಲಿ ಸಿಗುತ್ತಾರೆ, ಡ್ರಮ್ಸ್‌ನವರು ಮೈಸೂರಿನಲ್ಲಿ, ಮಿಕ್ಸಿಂಗ್ ಬಲ್ಲವರು ಬೆಂಗಳೂರಿನಲ್ಲಿ. ಎಲ್ಲರೂ ಒಂದು ಕಡೆ ಸೇರಿ ಒಂದು ಹಾಡು ಮುಗಿಸುವಷ್ಟರಲ್ಲಿ ಬಸ್ ಚಾರ್ಜಿಗೇ ಒಂದು ಮೈಕ್ ಬಂದಿರುತ್ತದೆ. ಆ ಓಡಾಟ ತಪ್ಪಿಸುತ್ತೇವೆ ಎನ್ನುವ ಆ್ಯಪ್‌ಗಳಲ್ಲಿ ಕೊಡಗಿನವರ ಕೈಗೆ ಸುಲಭವಾಗಿ ಎಟುಕುವುದು ಬ್ಯಾಂಡ್‌ಲ್ಯಾಬ್. ಸಿಂಗಾಪುರದ ಕಂಪನಿ. 2018ರಲ್ಲಿ ಗಿಟಾರ್ ಕಂಪನಿ ಗಿಬ್ಸನ್‌ನಿಂದ ಕೇಕ್‌ವಾಕ್ ಎಂಬ ಸಂಗೀತ ರೆಕಾರ್ಡಿಂಗ್ ತಂತ್ರಾಂಶವನ್ನು ಕೊಂಡು ಬಿಟ್ಟಿಯಾಗಿ ಹಂಚಿದ್ದು ಇವರೇ. ಆಂಡ್ರಾಯ್ಡ್, ಐಫೋನ್, ಲ್ಯಾಪ್‌ಟಾಪ್‌ನ ಬ್ರೌಸರ್, ಮೂರರಲ್ಲೂ ಓಡುತ್ತದೆ. ಹಣ ಕಟ್ಟುವ ಸದಸ್ಯತ್ವವೂ ಇದೆ, ಆದರೆ ಹಾಡು ರೆಕಾರ್ಡ್ ಮಾಡಿ ನಾಲ್ಕು ಜನರ ಜೊತೆ ಹಂಚಿಕೊಳ್ಳಲು ಅದು ಬೇಕಿಲ್ಲ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಕೆಲಸದ ಜಾಗವಾಗಿ ಇದಕ್ಕೆ ಹತ್ತಕ್ಕೆ ಎಂಟು ಅಂಕ, ಕೂಟವಾಗಿ ಐದು. ಉಳಿದ ಐದನ್ನು ಬೇರೆ ಕಡೆಯಿಂದ ತಂದು ತುಂಬಿಸಿಕೊಳ್ಳಬೇಕು.

ಎಂಟು ಅಂಕ ಯಾಕೆಂದರೆ, ಇಲ್ಲಿ ಹಾಡು ಕಳಿಸುವುದೆಂದರೆ ಹಾಡಿನ ಒಂದೊಂದು ಟ್ರ್ಯಾಕ್ ಸಮೇತ ಕಳಿಸುವುದು. ನೀವು ಪ್ರಾಜೆಕ್ಟನ್ನು ಪಬ್ಲಿಕ್ ಮಾಡಿ ಫೋರ್ಕ್‌ಗೆ ಅನುಮತಿ ಕೊಟ್ಟರೆ ಯಾರು ಬೇಕಾದರೂ ಅದರ ಪ್ರತಿ ತೆಗೆದುಕೊಂಡು ತಮ್ಮ ಬಾಸನ್ನೋ ಕೊಳಲನ್ನೋ ಸೇರಿಸಬಹುದು. ಮೂಲ ಯಾರದೆಂಬುದು ಆ ಪ್ರತಿಯ ಮೇಲೆ ಕಾಣುತ್ತದೆ. ಗೊತ್ತಿರುವವರ ಜೊತೆಯಷ್ಟೇ ಕೆಲಸ ಎಂದಾದರೆ ಪ್ರಾಜೆಕ್ಟನ್ನು ಪ್ರೈವೇಟ್ ಇಟ್ಟು ಅವರನ್ನು ಕೊಲಾಬರೇಟರ್ ಆಗಿ ಕರೆಯಿರಿ. ಪ್ರತಿ ಸೇವ್‌ಗೂ ಒಂದು ರಿವಿಷನ್ ಉಳಿಯುತ್ತದೆ. ಯಾರೋ ಉತ್ಸಾಹದಲ್ಲಿ ದನಿಗೆ ಬಕೆಟ್‌ಗಟ್ಟಲೆ ರಿವರ್ಬ್ (ಪ್ರತಿಧ್ವನಿ) ಸುರಿದರೂ ಮುನಿಸಿಕೊಳ್ಳಬೇಕಿಲ್ಲ, ಹಿಂದಿನ ರಿವಿಷನ್‌ಗೆ ಹೋದರಾಯಿತು.

ಮೊದಲು ಕೈಕೊಡುವುದು ಬ್ಲೂಟೂತ್ ಇಯರ್‌ಫೋನ್. ಅದರಲ್ಲಿ ಸದ್ದು ಕಿವಿಗೆ ಬರುವಾಗ ಸುಮಾರು 150ರಿಂದ 250 ಮಿಲಿಸೆಕೆಂಡ್ ತಡ. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಹಾಡಿನಲ್ಲಿ ಒಂದು ಬೀಟಿನ ಕಾಲುಭಾಗವೇ 125 ಮಿಲಿಸೆಕೆಂಡ್. ಅಂದರೆ ನೀವು ಸರಿಯಾಗಿ ಹಾಡಿದರೂ ರೆಕಾರ್ಡ್ ಆಗುವುದು ತಾಳ ತಪ್ಪಿ, ಎದುರಿನವರು ನಿಮಗೇ ಲಯಜ್ಞಾನ ಇಲ್ಲ ಎಂದುಕೊಳ್ಳುತ್ತಾರೆ. ವೈರ್ ಇರುವ ಇಯರ್‌ಫೋನ್ ಕಡ್ಡಾಯ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿರುವ ಲೇಟೆನ್ಸಿ (ಸದ್ದಿನ ತಡ) ಪರೀಕ್ಷೆ ಒಮ್ಮೆ ಮಾಡಿ. ನಂಬಿಕೆ ಬರದಿದ್ದರೆ ಇಯರ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು ತಾಳ ತೋರಿಸುವ ಮೆಟ್ರೊನೋಮ್‌ನ ಟಿಕ್ಕನ್ನೇ ರೆಕಾರ್ಡ್ ಮಾಡಿ, ಝೂಮ್ ಮಾಡಿ ನೋಡಿ. ಟಿಕ್ಕು ಗೆರೆಯ ಮೇಲೆ ಕೂತಿರಬೇಕು. ಬಲಕ್ಕೆ ಸರಿದಿದ್ದರೆ ಎಷ್ಟು ಸರಿದಿದೆಯೋ ಅಷ್ಟು ಟ್ರ್ಯಾಕನ್ನು ಎಡಕ್ಕೆ ಎಳೆಯಿರಿ. ಫೋನ್ ಬದಲಾದರೆ ಮತ್ತೆ ಅಳೆಯಬೇಕು.

ಎರಡನೆಯದು ಟೆಂಪೋ. ವಾಲಗದ ಓಟ ಮೂರು ಮೂರಾಗಿ ಎಣಿಸುವಂಥದ್ದು, ಪ್ರಾಜೆಕ್ಟ್ ತೆರೆದಾಗ ಕಾಣುವುದು 4/4, ಅಂದರೆ ನಾಲ್ಕು ನಾಲ್ಕರ ಎಣಿಕೆ. ಬದಲಿಸದೆ ನುಡಿಸಿ ಹಾಕಿದರೆ ಫೋರ್ಕ್ ಮಾಡಿದವರ ಡ್ರಮ್ ಲೂಪ್ (ಮತ್ತೆ ಮತ್ತೆ ಬರುವ ತುಣುಕು) ಎರಡನೇ ಬಾರ್‌ನಲ್ಲೇ ದಿಕ್ಕು ತಪ್ಪುತ್ತದೆ. 6/8 ಮಾಡಿ, ಬಿಪಿಎಂ ಎಷ್ಟೆಂದು ವಿವರಣೆಯಲ್ಲಿ ಬರೆಯಿರಿ. ದುಡಿ ಎಂಬ ಸಣ್ಣ ಚರ್ಮವಾದ್ಯ ಬಾರಿಸುತ್ತಾ ಹಾಡುವ ಕೊಡವರ ದುಡಿಕೊಟ್ಟ್ ಪಾಟ್‌ನಂಥದ್ದಕ್ಕೆ ಕ್ಲಿಕ್ (ಮೆಟ್ರೊನೋಮ್) ಹಾಕಿ ಹಾಡಿಸಲೇಬೇಡಿ, ಹಾಡಿನ ಉಸಿರೇ ನಿಂತುಹೋಗುತ್ತದೆ. ‘ಕ್ಲಿಕ್ ಇಲ್ಲದೆ ಹಾಡಿದ್ದು, ಲೂಪ್ ಕೂರುವುದಿಲ್ಲ, ಕೈಯಲ್ಲೇ ನುಡಿಸಿ ಸೇರಿಸಿ’ ಎಂದು ಒಂದು ಸಾಲು ಬರೆದರೆ ಸಾಕು. ಅದನ್ನು ಓದಿ ಬರುವವರು ನುಡಿಸಬಲ್ಲವರೇ ಆಗಿರುತ್ತಾರೆ.

ಮೂರನೆಯದು ನೆಟ್ವರ್ಕು. 16 ಬಿಟ್, 44.1 ಕಿಲೋಹರ್ಟ್ಸ್‌ನ ಮೋನೋ ವೇವ್ ಫೈಲ್ ನಿಮಿಷಕ್ಕೆ ಸುಮಾರು 5.3 ಎಂಬಿ. 4 ನಿಮಿಷದ ಹಾಡು, 6 ಟ್ರ್ಯಾಕ್ ಎಂದರೆ 127 ಎಂಬಿ. ಅಪ್‌ಲೋಡ್ ವೇಗ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಇದ್ದರೆ 8-9 ನಿಮಿಷದ ಕೆಲಸ. ಭಾಗಮಂಡಲದ ಕಡೆ ಮಳೆ ಹಿಡಿದ ದಿನ ವೇಗ ಅರ್ಧಕ್ಕೆ ಇಳಿದರೂ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. ವೇಗ ಕಡಿಮೆಯಾಗುವುದಕ್ಕಿಂತ ನಡುವೆ ಕರೆಂಟ್ ಹೋಗಿ ಟವರ್ ಸಾಯುವುದೇ ದೊಡ್ಡ ತೊಂದರೆ. ಸೇವ್ ಒತ್ತಿದ ಮೇಲೆ ಅಪ್‌ಲೋಡ್ ಮುಗಿದಿದೆ ಎಂದು ತೋರುವ ತನಕ ಆ್ಯಪ್ ಮುಚ್ಚಬಾರದು. ಮುಖ್ಯ ಟೇಕ್‌ಗಳ ಒಂದು ಪ್ರತಿ ಫೋನಿನಲ್ಲೋ ಪೆನ್‌ಡ್ರೈವ್‌ನಲ್ಲೋ ಇರಲಿ. ವಾಟ್ಸಾಪಿನಲ್ಲಿ ಟ್ರ್ಯಾಕ್ ಕಳಿಸಬೇಕಾಗಿ ಬಂದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ವಾಯ್ಸ್ ನೋಟ್ ಆಗಿ ಹೋದ ದನಿಯನ್ನು ಮಿಕ್ಸಿಂಗ್‌ನಲ್ಲಿ ಯಾರೂ ಉಳಿಸಲಾರರು.

ಲೈವ್ ಆಗಿ ಒಟ್ಟಿಗೆ ನುಡಿಸುವ ಆಸೆಯನ್ನು ಮೊಬೈಲ್ ಡೇಟಾದಲ್ಲಿ ಬಿಟ್ಟುಬಿಡಿ. ಬೆಂಗಳೂರಿಗೂ ಮಡಿಕೇರಿಗೂ ನಡುವಿನ ದೂರ ಫೈಬರ್‌ನಲ್ಲಿ ಒಂದೆರಡು ಮಿಲಿಸೆಕೆಂಡ್‌ನ ಮಾತು. ತಡವಾಗುವುದು ಟವರ್, ರೂಟರ್, ಫೋನಿನ ಬಫರ್ ಇವುಗಳಲ್ಲಿ. ಎಲ್ಲರ ಮನೆಯಲ್ಲೂ ಫೈಬರ್, ರೂಟರ್‌ನಿಂದ ನೇರ ಕೇಬಲ್, ವೈರ್ ಇರುವ ಹೆಡ್‌ಫೋನ್ ಇದ್ದರೆ ಜಾಮ್ಯುಲಸ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ರಯತ್ನಿಸಬಹುದು.

ಇನ್ನು ಐದು ಅಂಕದ ವಿಷಯ. ಬ್ಯಾಂಡ್‌ಲ್ಯಾಬ್‌ನ ಫೀಡ್‌ನಲ್ಲಿ ಬೆಂಕಿಯ ಎಮೋಜಿ ಬೇಕಾದಷ್ಟು ಸಿಗುತ್ತದೆ, ಕೇಳಿ ಹೇಳುವವರು ಕಡಿಮೆ. ಟ್ರ್ಯಾಪ್ ಬೀಟು, ರ‍್ಯಾಪು ಹೆಚ್ಚು. ಅದು ತಪ್ಪಲ್ಲ, ಆದರೆ ಅರೆಭಾಷೆಯ ಹಾಡು ಹಾಕಿ ಕಾಯುತ್ತಾ ಕೂತರೆ ಬರುವುದು ‘ನನ್ನ ಟ್ರ್ಯಾಕ್ ಕೇಳಿ ಬ್ರೋ’ ಮಾತ್ರ. ಸರಿಯಾದ ಕಿವಿಗಳು ಬೇಕಿದ್ದರೆ ಗಡುವು ಇಟ್ಟು ಕೆಲಸ ಮಾಡಿಸುವ ಕೂಟಗಳಿಗೆ ಹೋಗಬೇಕು. ಅಲ್ಲಿ ಎಲ್ಲರೂ ಒಂದೇ ಸಮಯಕ್ಕೆ ಅರ್ಧಂಬರ್ಧ ಹಾಡು ಹಿಡಿದು ನಿಂತಿರುವುದರಿಂದ ಯಾರಿಗೂ ಕೊಂಬು ಇರುವುದಿಲ್ಲ.

2004ರಿಂದ ನಡೆಯುತ್ತಿರುವ ಫೆಬ್ರವರಿ ಆಲ್ಬಮ್ ರೈಟಿಂಗ್ ಮಂತ್ ಇಂಥದ್ದು. 28 ದಿನದಲ್ಲಿ 14 ಹಾಡು; ಅಧಿಕ ವರ್ಷದಲ್ಲಿ ತಮಾಷೆಗೆ ಹದಿನಾಲ್ಕೂವರೆ. ಬಹುಮಾನ ಇಲ್ಲ. ಒಬ್ಬರ ಹಾಡಿಗೆ ಇನ್ನೊಬ್ಬರು ಕೂತು ಬರೆಯುವ ಅಭಿಪ್ರಾಯಗಳೇ ಅಲ್ಲಿನ ಜೀವಾಳ. ಕೊಡಗಿನವರಿಗೆ ತಿಂಗಳು ಮಾತ್ರ ಹೊಂದುವುದಿಲ್ಲ: ಫೆಬ್ರವರಿ ಎಂದರೆ ರೋಬಸ್ಟಾ ಕೊಯ್ಲು, ಕಣದಲ್ಲಿ ಕಾಫಿ, ಆಳು ಲೆಕ್ಕ. ಅದೇ ಬಗೆಯ ಫಿಫ್ಟಿ-ನೈಂಟಿ ಇಲ್ಲಿನ ಪಂಚಾಂಗ ನೋಡಿಯೇ ಇಟ್ಟಂತಿದೆ. ಜುಲೈ 4ರಿಂದ ಅಕ್ಟೋಬರ್ 1, 90 ದಿನ, 50 ಹಾಡು. ಕಕ್ಕಡ ಮಾಸದ ಮಳೆ, ಕೈಲ್‌ಪೊಳ್ದ್ ಹಬ್ಬ ಎಲ್ಲ ಅದರೊಳಗೇ ಬರುತ್ತದೆ. ಐವತ್ತು ಮುಟ್ಟಲೇಬೇಕೆಂದೇನೂ ಇಲ್ಲ, ಹತ್ತು ಮಾಡಿದರೂ ಯಾರೂ ಕೇಳುವುದಿಲ್ಲ.

ಹಾಡಿಗಿಂತ ಸದ್ದಿನ ಮೇಲೆ ಆಸಕ್ತಿ ಇದ್ದವರಿಗೆ 2012ರ ಜನವರಿಯಿಂದ ಪ್ರತಿ ವಾರ ನಡೆಯುವ ಡಿಸ್‌ಕ್ವಯಟ್ ಜುಂಟೋ ಇದೆ. ಗುರುವಾರ ಒಂದು ಕೆಲಸ ಕೊಡುತ್ತಾರೆ, ಸೋಮವಾರ ರಾತ್ರಿ ಗಡುವು, ಅದೂ ನೀವಿರುವ ಊರಿನ ಗಡಿಯಾರದಂತೆ. ಅವರ ಮೊದಲ ಕೆಲಸವೇ ಲೋಟದಲ್ಲಿ ಐಸ್ ತುಂಡು ಕುಲುಕಿದ ಸದ್ದಿನಿಂದ ಏನಾದರೂ ಮಾಡಿ ಎಂಬುದು. ಹಂಚಿನ ಮೇಲೆ ಮಳೆ ಬೀಳುವ ಊರಿನಲ್ಲಿ ಇದಕ್ಕೆ ಸಾಮಗ್ರಿ ಹುಡುಕಿಕೊಂಡು ಹೋಗಬೇಕೇ?

ಅಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದರ ಮೇಲೆ ಎಲ್ಲ ನಿಂತಿದೆ. ನಿಮ್ಮ ಒಂದು ಹಾಡು ಹಾಕುವ ಮೊದಲು ಬೇರೆಯವರ ಐದು ಹಾಡು ಪೂರ್ತಿ ಕೇಳಿ ಬರೆಯುವ ಲೆಕ್ಕ ಇಟ್ಟುಕೊಳ್ಳಿ. ‘ಸೂಪರ್’ ಎಂದು ಬರೆಯುವುದೂ ಬರೆಯದಿರುವುದೂ ಒಂದೇ. ‘1:12ರಲ್ಲಿ ದುಡಿ ದನಿಯನ್ನು ಮುಚ್ಚುತ್ತಿದೆ, 2-3 ಡಿಬಿ ಇಳಿಸಿ ನೋಡಿ, ಎರಡನೇ ಚರಣದಲ್ಲಿ ಗಿಟಾರ್ ನಿಲ್ಲಿಸಿದ್ದು ಚೆನ್ನಾಗಿ ಬಂದಿದೆ, ಅದನ್ನು ಮುಟ್ಟಬೇಡಿ’ ಎಂದು ಬರೆದರೆ ಎದುರಿನವರು ನಿಮ್ಮ ಹೆಸರು ನೆನಪಿಟ್ಟುಕೊಳ್ಳುತ್ತಾರೆ. ಕೇಳುವಾಗಲೂ ಅಷ್ಟೇ, ‘ಹೇಗಿದೆ?’ ಎಂದರೆ ಚೆನ್ನಾಗಿದೆ ಎಂದೇ ಉತ್ತರ ಬರುವುದು. ‘ಪಲ್ಲವಿ ಮೂರನೇ ಸಲ ಬೇಕೇ, ಬೇಡವೇ?’ ಎಂದು ಕೇಳಿ. ಕನ್ನಡ, ಕೊಡವ ತಕ್ಕ್, ಅರೆಭಾಷೆ ಹಾಡಿಗೆ ಎರಡು ಸಾಲಿನ ಅರ್ಥವನ್ನು ಇಂಗ್ಲಿಷಿನಲ್ಲಿ ಹಾಕಿ. ಇಲ್ಲದಿದ್ದರೆ ರಾಗದ ಬಗ್ಗೆ ಮಾತ್ರ ಮಾತಾಡುತ್ತಾರೆ, ನೀವು ತಿಂಗಳುಗಟ್ಟಲೆ ತಿದ್ದಿದ ಸಾಹಿತ್ಯದ ಬಗ್ಗೆ ಒಂದು ಮಾತೂ ಬರುವುದಿಲ್ಲ.

ಹತ್ತು ಹನ್ನೆರಡು ಜನ ಗಟ್ಟಿಯಾಗಿ ನಿಂತ ಮೇಲೆ ಡಿಸ್ಕಾರ್ಡ್‌ನಲ್ಲಿ ಒಂದು ಸಣ್ಣ ಸರ್ವರ್ ಮಾಡಿಕೊಳ್ಳಬಹುದು. ಬಿಟ್ಟಿ ಖಾತೆಯಲ್ಲಿ ಒಂದು ಫೈಲಿಗೆ 10 ಎಂಬಿ ಮಿತಿ. 4 ನಿಮಿಷದ 320 ಕೆಬಿಪಿಎಸ್ ಎಂಪಿ3 9.6 ಎಂಬಿ ಆಗುವುದರಿಂದ ಕೇಳಿಸಲು ತೊಂದರೆ ಇಲ್ಲ, ಟ್ರ್ಯಾಕ್‌ಗಳು ಮಾತ್ರ ಬ್ಯಾಂಡ್‌ಲ್ಯಾಬ್‌ನಲ್ಲೇ ಇರಲಿ. ಚಾನೆಲ್ ಮೂರಕ್ಕಿಂತ ಹೆಚ್ಚು ಬೇಡ. ಇಪ್ಪತ್ತು ಚಾನೆಲ್ ಮಾಡಿದ ಸರ್ವರ್ ಎರಡೇ ತಿಂಗಳಲ್ಲಿ ‘ಗುಡ್ ಮಾರ್ನಿಂಗ್’ ಗುಂಪಾಗುತ್ತದೆ.

ಹಕ್ಕಿನ ಮಾತು ಎಲ್ಲರೂ ಮುಂದೂಡುತ್ತಾರೆ, ಜಗಳ ಹುಟ್ಟುವುದೂ ಅಲ್ಲೇ. ಸಾಹಿತ್ಯ, ರಾಗ, ರೆಕಾರ್ಡಿಂಗ್ ಮೂರರಲ್ಲಿ ಯಾರ ಪಾಲು ಎಷ್ಟು ಶೇಕಡಾ ಎಂದು ಹಾಡು ಬಿಡುಗಡೆಗೆ ಮೊದಲೇ ಬರೆದು ಎಲ್ಲರೂ ಒಪ್ಪಬೇಕು, ಒಂದು ಇಮೇಲ್ ಸಾಕು. ಫೋರ್ಕ್‌ಗೆ ತೆರೆದದ್ದನ್ನು ವಾಪಸ್ ಪಡೆಯಲಾಗದು ಎಂದುಕೊಂಡೇ ತೆರೆಯಿರಿ. ಹಾಡಿನಲ್ಲಿ ಬ್ಯಾಂಡ್‌ಲ್ಯಾಬ್‌ನ ಲೂಪ್ ಇದ್ದರೆ ವಿತರಣೆಗೆ ಕೊಡುವಾಗ ಹಾಡಿನ ಬಳಕೆಯನ್ನು ತಾನಾಗಿ ಪತ್ತೆಹಚ್ಚುವ ಯೂಟ್ಯೂಬ್‌ನ ಕಂಟೆಂಟ್ ಐಡಿಗೆ ಟಿಕ್ ಹಾಕಬಾರದು. ಅದೇ ಲೂಪ್ ಸಾವಿರ ಜನರ ಹಾಡಿನಲ್ಲಿರುತ್ತದೆ, ನಿಮ್ಮ ಹೆಸರಿನಲ್ಲಿ ಅವರಿಗೆಲ್ಲ ಕ್ಲೇಮ್ ಹೋಗಿ ಕೂಟದಲ್ಲಿ ಮುಖ ತೋರಿಸುವುದು ಕಷ್ಟವಾಗುತ್ತದೆ. ಹಳೆಯ ಪಾಟ್‌ಗಳ ವಿಷಯ ಬೇರೆ: 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪ ಸಂಗ್ರಹಿಸಿ ಅಚ್ಚು ಹಾಕಿಸಿದ ಸಾಲುಗಳನ್ನು ಹಾಡಲು ಯಾರ ಅಪ್ಪಣೆಯೂ ಬೇಡ. ಆದರೆ ಅದನ್ನು ಇವತ್ತು ಹಾಡಿಕೊಟ್ಟ ಅಜ್ಜನಿಗೆ ತಮ್ಮ ಗಾಯನದ ಮೇಲೆ ಹಕ್ಕಿದೆ, ರೆಕಾರ್ಡ್ ಮಾಡಿ ಹಂಚಲು ಅವರ ಒಪ್ಪಿಗೆ ಬೇಕು. ಎರವರ, ಕುರುಬರ ಹಾಡಿಯಲ್ಲಿ (ಬುಡಕಟ್ಟಿನವರ ವಸತಿಯಲ್ಲಿ) ಹಿಡಿದ ಹಾಡನ್ನಂತೂ ಕೇಳದೆ ಫೋರ್ಕ್‌ಗೆ ತೆರೆಯುವುದು ಅನ್ಯಾಯ. ಫೋರ್ಕ್ ಎಂದರೇನು, ಅದಕ್ಕೆ ಯಾರೋ ಡ್ರಮ್ಸ್ ಸೇರಿಸಬಹುದು ಎಂಬುದನ್ನೂ ಬಿಡಿಸಿ ಹೇಳಿಯೇ ಒಪ್ಪಿಗೆ ಪಡೆಯಬೇಕು.

ಕೊಡುವುದಕ್ಕೆ ನಮ್ಮಲ್ಲಿ ಏನಿದೆ ಎಂದು ಕೇಳುವವರಿಗೆ ಉತ್ತರ ದುಡಿ. ತಬಲಾ ಸ್ಯಾಂಪಲ್ ಎಲ್ಲಿ ಹುಡುಕಿದರೂ ಸಿಗುತ್ತದೆ, ದುಡಿಯ ಒಂದು ಒಳ್ಳೆಯ ಪೆಟ್ಟು ಹುಡುಕಿ ನೋಡಿ. ಒಂದು ಸಂಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು. ನಿಜಕ್ಕೂ ಸಂಜೆಯಲ್ಲೇ ಮಾಡಬೇಡಿ: ಜೀರುಂಡೆಯ ದನಿ ಹೆಚ್ಚಾಗಿ ಇರುವುದು 4 ಕಿಲೋಹರ್ಟ್ಸ್‌ನ ಆಚೆ, ಪೆಟ್ಟಿನ ಹೊಳಪು ಇರುವ ಜಾಗದಲ್ಲೇ, ಆಮೇಲೆ ಬೇರ್ಪಡಿಸಲಾಗದು. ಮಳೆ ಬಿಟ್ಟ ಹಗಲು, ಕಿಟಕಿ ಮುಚ್ಚಿದ ಕೋಣೆ, ಎರಡು ಗೋಡೆಗೆ ದಪ್ಪ ಕಂಬಳಿ. ಫೋನಿನ ಒಳಮೈಕ್ ಜೋರು ಪೆಟ್ಟನ್ನು ತಾನೇ ತಗ್ಗಿಸಿಬಿಡುತ್ತದೆ, ಆದ್ದರಿಂದ ಯುಎಸ್‌ಬಿ ಇಂಟರ್‌ಫೇಸ್ (ಮೈಕನ್ನು ಫೋನಿಗೋ ಲ್ಯಾಪ್‌ಟಾಪಿಗೋ ಜೋಡಿಸುವ ಪೆಟ್ಟಿಗೆ) ಮತ್ತು ಸಾಧಾರಣ ಡೈನಮಿಕ್ ಮೈಕ್ ಬಳಸಿ. ಕಂಡೆನ್ಸರ್ ಮೈಕ್ ಆದರೆ ಇಂಟರ್‌ಫೇಸ್‌ನಲ್ಲಿ 48 ವೋಲ್ಟ್ ಗುಂಡಿ ಒತ್ತಬೇಕು, ಮಳೆಗಾಲದಲ್ಲಿ ಅದನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಬೇಕು. ಮೈಕ್ ಚರ್ಮದಿಂದ ಒಂದು ಅಡಿ ದೂರ, ನೇರ ಎದುರಿಗೆ ಬೇಡ, ಸ್ವಲ್ಪ ಓರೆ. ಅತಿ ಜೋರಿನ ಪೆಟ್ಟು ಮೀಟರ್‌ನಲ್ಲಿ ಮೈನಸ್ 6 ಡಿಬಿ ದಾಟಬಾರದು.

24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಐದು ಬಲಗಳಲ್ಲಿ ನಾಲ್ಕು ನಾಲ್ಕು ಪೆಟ್ಟು, ಒಟ್ಟು ಇಪ್ಪತ್ತು. ಒಂದೊಂದರ ನಡುವೆ ಎರಡು ಸೆಕೆಂಡ್ ಸುಮ್ಮನಿರಿ, ಸದ್ದಿನ ಬಾಲ ಪೂರ್ತಿ ಸಾಯಲಿ. ನಾಲ್ಕು ನಾಲ್ಕು ಯಾಕೆಂದರೆ, ಒಂದೇ ಪೆಟ್ಟು ಮತ್ತೆ ಮತ್ತೆ ಬಂದರೆ ಕಿವಿಗೆ ಯಂತ್ರದ ಸದ್ದು ಎಂದು ತಕ್ಷಣ ಗೊತ್ತಾಗುತ್ತದೆ. ತೇವಕ್ಕೆ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತಾ ಹೋಗುತ್ತದೆ, ಆದ್ದರಿಂದ ಇಪ್ಪತ್ತನ್ನೂ ಒಂದೇ ಬೈಠಕ್ಕಿನಲ್ಲಿ ಮುಗಿಸಿ. ಕಂಪ್ರೆಸರ್, ರಿವರ್ಬ್, ಮಾಸ್ಟರಿಂಗ್ ಯಾವುದೂ ಬೇಡ. ಫೈಲ್ ಹೆಸರಿನಲ್ಲಿ ವಾದ್ಯ, ಬಲ, ಸಂಖ್ಯೆ ಇರಲಿ: ದುಡಿ-ಬಲ3-02 ಎಂಬಂತೆ, ಆದರೆ ಇಂಗ್ಲಿಷ್ ಅಕ್ಷರದಲ್ಲಿ, ಯಾಕೆಂದರೆ ಕೆಲವು ಹಳೆಯ ಸ್ಯಾಂಪ್ಲರ್‌ಗಳು ಕನ್ನಡ ಹೆಸರಿನ ಫೈಲನ್ನು ತೆರೆಯುವುದಿಲ್ಲ.

ಇದನ್ನು ಬ್ಯಾಂಡ್‌ಲ್ಯಾಬ್‌ನಲ್ಲಿ ಫೋರ್ಕ್‌ಗೆ ತೆರೆದ ಪ್ರಾಜೆಕ್ಟ್ ಆಗಿಯೂ, ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯ 2005ರಲ್ಲಿ ಶುರುಮಾಡಿದ ಫ್ರೀಸೌಂಡ್‌ನಲ್ಲಿ ಬಿಡಿ ಫೈಲುಗಳಾಗಿಯೂ ಹಾಕಿ. ಫ್ರೀಸೌಂಡ್‌ನಲ್ಲಿ ಪರವಾನಗಿ ಆರಿಸಲು ಹೇಳುತ್ತದೆ. ಹೆಸರು ಹಾಕಿದರೆ ಸಾಕು ಎನ್ನುವುದಾದರೆ ಸಿಸಿ-ಬೈ, ಯಾವ ಷರತ್ತೂ ಬೇಡವೆಂದರೆ ಸಿಸಿ-ಜೀರೋ. ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತು ಹಾಕಿದರೆ ತಮ್ಮ ಹಾಡನ್ನು ಮಾರುವ ಸ್ವತಂತ್ರ ಸಂಗೀತಗಾರರೂ ಅದನ್ನು ಮುಟ್ಟುವಂತಿಲ್ಲ, ನಿಮಗೆ ಬೇಕಾದವರೇ ಹೊರಗುಳಿಯುತ್ತಾರೆ. ವಿವರಣೆಯಲ್ಲಿ ನುಡಿಸಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಮೊದಲ ಸಾಲಿನಲ್ಲೇ ಬರೆಯಿರಿ, ಕೊಡಗು ಎಂಬುದನ್ನು ಟ್ಯಾಗ್‌ನಲ್ಲಿ ಹಾಕಿ, ಇಂಗ್ಲಿಷಿನಲ್ಲಿ ‘ಕೊಡಗು’, ‘ಕೂರ್ಗ್’ ಎರಡೂ ಕಾಗುಣಿತ ಇರಲಿ. ಹೊರಗಿನವರು ಹುಡುಕುವುದು ಎರಡನೆಯ ಹೆಸರಿನಲ್ಲಿ.