ಮನೆಗಿಡಗಳಿಗೆ ಡ್ರಿಪ್ ಕಿಟ್: ಎರಡು ಬೇಸಿಗೆ ಬಳಸಿದ ಮೇಲೆ

2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಇದ್ದವರಿಗೆ ನೀರಿನ ಕಥೆ ಬಿಡಿಸಿ ಹೇಳಬೇಕಿಲ್ಲ. ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ನಮ್ಮ ಬೋರ್‌ವೆಲ್ಲೋ, ಅರ್ಧ ಗಂಟೆ ಓಡಿದರೆ ಗಾಳಿ ಉಗುಳುತ್ತಿತ್ತು. ಆಗ ಆನ್‌ಲೈನ್‌ನಲ್ಲಿ ತರಿಸಿದ್ದು ಈ ಕಿಟ್: 16 ಎಂಎಂ ಕಪ್ಪು ಪೈಪು, ಗಿಡದ ಬುಡಕ್ಕೆ ಹನಿಹನಿಯಾಗಿ, ಒಂದೊಂದೂ ಗಂಟೆಗೆ 4 ಲೀಟರ್ ಬಿಡುವ 30 ಡ್ರಿಪ್ಪರ್, ಒಂದು ಬ್ಯಾಟರಿ ಟೈಮರ್. ಜೋಡಿಸಿ ಮುಗಿಸುವಷ್ಟರಲ್ಲಿ ಅಮ್ಮ ಹೊರಗೆ ಬಂದು, "ಗಿಡಕ್ಕೆ ಹುಷಾರಿಲ್ವಾ, ಡ್ರಿಪ್ ಹಾಕಿದೀಯ?" ಅಂದರು.

ಮೊದಲು ದಿನಾ ಅರ್ಧ ಗಂಟೆ ಪೈಪ್ ಹಿಡಿದು ನಿಲ್ಲುತ್ತಿದ್ದೆ. ಒಂದು ಸಲ ಅಳೆದು ನೋಡಿದೆ. 20 ಲೀಟರ್ ಬಕೆಟ್ ಒಂದೂವರೆ ನಿಮಿಷಕ್ಕೆ ತುಂಬಿತು. ಅಂದರೆ ದಿನಕ್ಕೆ 400 ಲೀಟರ್! ಈಗ ಅರ್ಧ ಗಂಟೆಗೆ ಹೆಚ್ಚೆಂದರೆ 60 ಲೀಟರ್, ಅದೂ ದಿನ ಬಿಟ್ಟು ದಿನ.

ಆದರೆ ಈ ಉಳಿತಾಯವನ್ನೆಲ್ಲ ಕಿಟ್‌ನ ಖಾತೆಗೆ ಬರೆದರೆ ತಪ್ಪಾಗುತ್ತೆ. ಜಾಸ್ತಿ ನೀರು ಕುಡಿಯುತ್ತಿದ್ದದ್ದು ಹುಲ್ಲುಹಾಸು. ಅದನ್ನು ಕಿತ್ತು ಕಣಗಿಲೆ, ದೇವಕಣಗಿಲೆ, ನಿತ್ಯಪುಷ್ಪ, ಲೋಳೆಸರ ಹಾಕಿದೆ. ಬುಡಕ್ಕೆಲ್ಲ ಮೂರು ಇಂಚು ತರಗೆಲೆ ಹೊದಿಸಿದೆ. ಏಪ್ರಿಲ್ ಮಧ್ಯಾಹ್ನ ತರಗೆಲೆ ಸರಿಸಿ ಬೆರಳು ಇಟ್ಟರೆ ಮಣ್ಣು ತಣ್ಣಗಿರುತ್ತೆ. ಪಕ್ಕದ ಬೋಳು ಮಣ್ಣು ಹಂಚಿನ ಹಾಗೆ ಸುಡುತ್ತಿರುತ್ತೆ.

ಎಲ್ಲ ಗಿಡಕ್ಕೂ ಒಂದೊಂದು ಡ್ರಿಪ್ಪರ್ ಕೊಟ್ಟದ್ದು ನನ್ನದೇ ದಡ್ಡತನ. ಎರಡು ಲೋಳೆಸರ ಬುಡದಿಂದ ಕೊಳೆತು ಹೋದವು. ಬೋಗನ್‌ವಿಲ್ಲಾ ಬರೀ ಎಲೆ ಬಿಟ್ಟು ಗೋಡೆ ಹತ್ತಿತು. ಅದರ ಡ್ರಿಪ್ಪರ್ ಬಂದ್ ಮಾಡಿ ಸುಮ್ನೆ ಬಿಟ್ಟೆ, ಆಮೇಲೆ ನೋಡಬೇಕಿತ್ತು ಹೂವು.

ಇನ್ನು ಕಿಟ್‌ನ ದೂರುಗಳು. ದೊಡ್ಡದು ಟೈಮರ್. ಅದರೊಳಗಿನ ವಾಲ್ವ್ ತೆರೆಯಬೇಕಾದರೆ ನೀರಿಗೆ ಒತ್ತಡ ಬೇಕು. ನಮ್ಮ ಟ್ಯಾಂಕ್ ಇರುವುದು ನಲ್ಲಿಯಿಂದ ಐದು ಮೀಟರ್ ಮೇಲೆ, ಅಷ್ಟು ಎತ್ತರಕ್ಕೆ ಅರ್ಧ ಬಾರ್ ಒತ್ತಡ ಸಿಕ್ಕರೆ ಹೆಚ್ಚು. ಟಕ್ ಅಂತ ಸದ್ದು ಬರುತ್ತೆ, ನೀರು ಬರಲ್ಲ. ಡಬ್ಬದ ಮೇಲೆ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ಟ್ಯಾಂಕ್ ನೀರಿನವರು ಒತ್ತಡ ಕಡಿಮೆ ಇದ್ದರೂ ತೆರೆಯುವ ಬಾಲ್ ವಾಲ್ವ್ ಇರುವ ಟೈಮರನ್ನೇ ಕೇಳಿ ತಗೊಳ್ಳಿ. ನಾನು ಈಗ ನಲ್ಲಿಯನ್ನು ಕೈಯಲ್ಲೇ ತಿರುಗಿಸಿ, ಮೊಬೈಲ್‌ನಲ್ಲಿ ಅಲಾರಾಂ ಇಟ್ಟುಕೊಳ್ಳುತ್ತೇನೆ.

ಎರಡನೆಯದು ಗಡಸು ನೀರು. ಆರನೇ ತಿಂಗಳಿಗೆ ಒಂದು ದಾಸವಾಳ ಬಾಡಿತು. ಡ್ರಿಪ್ಪರ್ ಬಿಚ್ಚಿದರೆ ಒಳಗೆಲ್ಲ ಸುಣ್ಣದ ಹಾಗೆ ಬಿಳಿ ಪದರ. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿದ ನೀರಲ್ಲಿ ರಾತ್ರಿಯಿಡೀ ನೆನೆಸಿದರೆ ಬಿಟ್ಟುಕೊಳ್ಳುತ್ತೆ. ಈಗ ಮೂರು ತಿಂಗಳಿಗೊಮ್ಮೆ ಇದೇ ಕೆಲಸ. ಕಿಟ್‌ನಲ್ಲಿ ಫಿಲ್ಟರ್ ಇರಲಿಲ್ಲ. ಕೃಷಿ ಸಾಮಾನಿನ ಅಂಗಡಿಯಲ್ಲಿ ಬೇರೆ ತಂದು ಹಾಕಿದ ಮೇಲೆ ಮರಳು ಕಟ್ಟಿಕೊಳ್ಳುವುದು ನಿಂತಿತು. ಆದರೆ ಸುಣ್ಣ ನೀರಲ್ಲೇ ಕರಗಿರುತ್ತಲ್ಲ, ಅದಕ್ಕೆ ಫಿಲ್ಟರ್ ಏನೂ ಮಾಡಲ್ಲ.

ಅಳಿಲು ಪೈಪ್ ಕಡಿದದ್ದು ನಾಲ್ಕು ಸಲ. ಪಕ್ಕದಲ್ಲೇ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟ ಮೇಲೆ ಕಾಟ ಕಡಿಮೆ ಆಗಿದೆ.

ಪೈಪು ಎರಡು ಬೇಸಿಗೆ ಬಿಸಿಲಿಗೂ ಬಿರಿದಿಲ್ಲ, ಅದಕ್ಕೆ ಪೂರ್ತಿ ಅಂಕ. ಟೈಮರ್‌ಗೆ ಸೊನ್ನೆ. ಒಟ್ಟು ಐದಕ್ಕೆ ಮೂರೂವರೆ. ಇನ್ನೊಮ್ಮೆ ತಗೊಳ್ಳುವುದಾದರೆ ಕಿಟ್ ಬೇಡ, ಪೈಪು, ಡ್ರಿಪ್ಪರ್, ಫಿಲ್ಟರ್ ಬಿಡಿಬಿಡಿಯಾಗಿ ತರುತ್ತೇನೆ.